ಸಿಪಿಯು ಆನ್ ಆಗ್ತಿಲ್ಲ ಅಂದ್ರೆ ಮದರ್‌ಬೋರ್ಡ್ ಹೋಯ್ತು ಅಂತಲೇ ಅಲ್ಲ

ಪ್ರಶ್ನೆ: ಸರ್, ನಮ್ದು ಸಾಗರದ ಹತ್ರ ಸಣ್ಣ ಜೆರಾಕ್ಸ್ ಮತ್ತೆ ಡಿಟಿಪಿ ಅಂಗಡಿ. ಹೋದ ವಾರ ಸಂಜೆ ಜೋರು ಗುಡುಗು ಸಿಡಿಲಿನ ಮಳೆ ಬಂದು ಕರೆಂಟ್ ಹೋಯ್ತು, ಮಾರನೇ ದಿನ ಮಧ್ಯಾಹ್ನ ಬಂತು. ಆಮೇಲಿಂದ ಸಿಪಿಯು ಆನ್ ಆಗ್ತಾನೇ ಇಲ್ಲ. ಬಟನ್ ಒತ್ತಿದ್ರೆ ಲೈಟೂ ಇಲ್ಲ, ಫ್ಯಾನ್ ಸದ್ದೂ ಇಲ್ಲ. ಯುಪಿಎಸ್ ಆನ್ ಆಗತ್ತೆ, ಮಾನಿಟರ್‌ನಲ್ಲಿ ನೋ ಸಿಗ್ನಲ್ ಅಂತ ಬರತ್ತೆ. ಊರಿನ ರಿಪೇರಿಯವರು ನೋಡಿ ಮದರ್‌ಬೋರ್ಡ್ ಹೋಗಿದೆ, ಹಳೇದು, ಹೊಸ ಸೆಟ್ಟೇ ತಗೊಳ್ಳಿ ಅಂದ್ರು. ಒಳಗೆ ನುಡಿಯಲ್ಲಿ ಟೈಪ್ ಮಾಡಿದ ಎಂಟು ವರ್ಷದ ಫೈಲುಗಳಿವೆ, ಲಗ್ನಪತ್ರಿಕೆ, ಸೊಸೈಟಿ ವರದಿ, ಎಲ್ಲಾ. ಅವೂ ಹೋದ್ವಾ? ಅವತ್ತೇ ಇಂಟರ್ನೆಟ್ ಮೋಡೆಮ್ಮೂ ಸತ್ತು ಹೋಗಿತ್ತು, ಅದನ್ನ ಕೇಬಲ್‌ನವರು ಬದಲಾಯಿಸಿ ಕೊಟ್ರು.

ಉತ್ತರ: ಮೊದಲು ಫೈಲುಗಳ ವಿಷ್ಯ ಹೇಳ್ಬಿಡ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆ ಓದಿದ್ರೆ ನಿಮಗೆ ಕಂಪ್ಯೂಟರ್‌ಗಿಂತ ಅದರ ಚಿಂತೆನೇ ಜಾಸ್ತಿ ಇದೆ ಅನ್ಸತ್ತೆ, ಅದು ಸರಿಯೂ ಹೌದು. ಫೈಲುಗಳು ಇರೋದು ಹಾರ್ಡ್ ಡಿಸ್ಕ್‌ನಲ್ಲಿ, ಮದರ್‌ಬೋರ್ಡ್‌ನಲ್ಲಿ ಅಲ್ಲ. ಬೋರ್ಡ್ ನಿಜವಾಗ್ಲೂ ಸುಟ್ಟು ಹೋಗಿದ್ರೂ ಡಿಸ್ಕನ್ನ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ, ಅಥವಾ ಸಾಟಾ ಟು ಯುಎಸ್‌ಬಿ ಅಂತ ಒಂದು ಕೇಬಲ್ ಸಿಗತ್ತೆ ಅದರಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಫೈಲೆಲ್ಲ ಕಾಪಿ ಮಾಡ್ಕೋಬಹುದು. ಬಿಟ್‌ಲಾಕರ್, ಅಂದ್ರೆ ಡಿಸ್ಕಿಗೆ ಹಾಕೋ ವಿಂಡೋಸ್‌ನ ಬೀಗ, ಹಾಕಿದ್ರೆ ಮಾತ್ರ ಅದರ ರಿಕವರಿ ಕೀ ಬೇಕಾಗತ್ತೆ, ಎಂಟು ವರ್ಷದ ಹಿಂದಿನ ಅಂಗಡಿ ಮಷೀನ್‌ನಲ್ಲಿ ಅದು ಇರೋದು ಕಡಿಮೆ. ಹಾಗಾಗಿ ಈಗ ನೀವು ಮಾಡ್ಬೇಕಾದ ಮೊದಲ ಕೆಲಸ ಅಂದ್ರೆ ಪ್ಲಗ್ ಪೂರ್ತಿ ತೆಗೆದು, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿ, ಹಾರ್ಡ್ ಡಿಸ್ಕ್‌ಗೆ ಹೋಗಿರೋ ಎರಡೂ ವೈರ್, ಅಗಲದ್ದು ಒಂದು ಚಿಕ್ಕದು ಒಂದು, ಕಿತ್ತು ಇಟ್ಬಿಡಿ. ಮುಂದೆ ಹೇಳೋ ಯಾವ ಪರೀಕ್ಷೆನೂ ಡಿಸ್ಕ್ ಸಿಕ್ಕಿಸಿಕೊಂಡು ಮಾಡ್ಬೇಡಿ. ಎಸ್‌ಎಂಪಿಎಸ್ ಅಂದ್ರೆ ಕ್ಯಾಬಿನೆಟ್ ಒಳಗೆ ಕರೆಂಟನ್ನ ಸಣ್ಣ ವೋಲ್ಟಿಗೆ ಇಳಿಸಿ ಎಲ್ಲಾ ಭಾಗಕ್ಕೂ ಕೊಡೋ ಡಬ್ಬ, ಸಿಡಿಲಿಗೆ ಪೆಟ್ಟು ತಿಂದ ಎಸ್‌ಎಂಪಿಎಸ್ ಮತ್ತೆ ಆನ್ ಆಗೋವಾಗ ಎಷ್ಟು ವೋಲ್ಟ್ ಬಿಡತ್ತೆ ಅಂತ ಯಾರಿಗೂ ಗೊತ್ತಿರಲ್ಲ. ಅದು ಹೋದ್ರೆ ಹೋಗ್ಲಿ, ಹೊಸದು ಸಿಗತ್ತೆ, ನಿಮ್ಮ ಎಂಟು ವರ್ಷದ ಕೆಲಸ ಅಂಗಡಿಯಲ್ಲಿ ಸಿಗಲ್ಲ.

ಇನ್ನು ರಿಪೇರಿಯವರ ಮಾತು. ಅವರು ಹೇಳಿದ್ದು ತಪ್ಪು ಅಂತ ನಾನು ಇಲ್ಲಿ ಕೂತು ಹೇಳಕ್ಕಾಗಲ್ಲ, ಆದ್ರೆ ಅವರು ಏನೇನು ಚೆಕ್ ಮಾಡಿ ಆ ತೀರ್ಮಾನಕ್ಕೆ ಬಂದ್ರು ಅಂತ ನೀವು ಕೇಳಲೇಬೇಕು. ಬಟನ್ ಒತ್ತಿ ನೋಡಿ ಬೋರ್ಡ್ ಹೋಗಿದೆ ಅಂದಿದ್ರೆ ಅದು ಬರೀ ಊಹೆ. ಬಟನ್ ಒತ್ತಿದ್ರೆ ಏನೂ ಆಗಲ್ಲ ಅನ್ನೋದಕ್ಕೆ ಗೋಡೆ ಸಾಕೆಟ್‌ನಿಂದ ಹಿಡಿದು ಪ್ರೊಸೆಸರ್ ತನಕ ಹತ್ತು ಕಾರಣ ಇರತ್ತೆ, ಬೋರ್ಡ್ ಅದರಲ್ಲಿ ಒಂದು, ಅದೂ ಕೊನೆಗೆ ನೋಡ್ಬೇಕಾದ್ದು. ನಾನು ಈ ಕೆಲಸ ಕಲಿಯೋವಾಗ ನಮ್ಮ ಗುರುಗಳು ಒಂದೇ ಮಾತು ಹೇಳೋರು, ಕರೆಂಟ್ ಬರೋ ದಾರಿಯಲ್ಲೇ ನೀನೂ ನಡ್ಕೊಂಡು ಬಾ, ಎಲ್ಲಿ ನಿಂತಿದೆ ಅಂತ ತಾನೇ ಗೊತ್ತಾಗತ್ತೆ ಅಂತ. ಹಂಗೇ ಹೋಗೋಣ.

ಅದಕ್ಕೂ ಮುಂಚೆ ಒಂದು ವಿಷ್ಯ. ಆನ್ ಆಗ್ತಿಲ್ಲ ಅಂತ ಜನ ಮೂರು ಬೇರೆ ಬೇರೆ ತೊಂದ್ರೆಗೆ ಹೇಳ್ತಾರೆ. ಒಂದು, ನಿಮ್ಮ ತರ ಪೂರ್ತಿ ಸತ್ತಂಗಿರೋದು, ಲೈಟಿಲ್ಲ ಫ್ಯಾನಿಲ್ಲ. ಇನ್ನೊಂದು, ಬಟನ್ ಒತ್ತಿದ್ರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತು ಹೋಗೋದು. ಮತ್ತೊಂದು, ಫ್ಯಾನೆಲ್ಲ ತಿರುಗತ್ತೆ ಆದ್ರೆ ಸ್ಕ್ರೀನಲ್ಲಿ ಏನೂ ಬರಲ್ಲ. ಮೂರಕ್ಕೂ ಔಷಧಿ ಬೇರೆ. ರ‍್ಯಾಮ್ ತೆಗೆದು ರಬ್ಬರ್‌ನಲ್ಲಿ ಉಜ್ಜಿ ಹಾಕಿ ಅಂತ ನಿಮಗೆ ಯಾರಾದ್ರೂ ಹೇಳಿರ್ತಾರೆ, ಮಲೆನಾಡಿನ ಥಂಡಿಗೆ ಅದು ಒಳ್ಳೇ ಉಪಾಯವೇ, ಆದ್ರೆ ಅದು ಮೂರನೇ ಜಾತಿಗೆ, ಫ್ಯಾನ್ ತಿರುಗಿ ಡಿಸ್ಪ್ಲೇ ಬರದೇ ಇದ್ದಾಗ. ಪೂರ್ತಿ ಸತ್ತಂಗಿರೋ ಮಷೀನಿಗೆ ರ‍್ಯಾಮ್ ಉಜ್ಜಿದ್ರೆ ಹೆಚ್ಚು ಪ್ರಯೋಜನ ಇಲ್ಲ, ರ‍್ಯಾಮ್ ಪೂರ್ತಿ ತೆಗೆದ್ರೂ ಫ್ಯಾನ್ ತಿರುಗಲೇಬೇಕು. ಬೋರ್ಡ್ ಮೇಲಿರೋ ಗುಂಡಗಿನ ಬ್ಯಾಟರಿ, ಸಿಆರ್2032 ಅಂತ, ಅದರ ಕಥೆನೂ ಹಂಗೇ, ಅದು 3 ವೋಲ್ಟಿಂದು, ವೀಕಾದ್ರೆ ಟೈಮು ಡೇಟು ತಪ್ಪಿ ಹೋಗತ್ತೆ, ಅಪರೂಪಕ್ಕೆ ಕೆಲವು ಬೋರ್ಡ್ ಮೊಂಡು ಹಿಡಿಯತ್ತೆ. ಎಂಟು ವರ್ಷ ಆಗಿದೆ ಅಂದ್ರೆ ಬದಲಾಯಿಸೋದು ಒಳ್ಳೇದೇ, ಆದ್ರೆ ಅದರಿಂದಲೇ ಸರಿಹೋಗತ್ತೆ ಅಂತ ಆಸೆ ಇಟ್ಕೋಬೇಡಿ. ನಿಮ್ದು ಮೊದಲನೇ ಜಾತಿ, ಕರೆಂಟೇ ಒಳಗೆ ಸರಿಯಾಗಿ ಬರ್ತಾ ಇಲ್ಲ, ಅಥವಾ ಬಂದಿದ್ದನ್ನ ಯಾವುದೋ ಒಂದು ತಡೀತಾ ಇದೆ.

ಸಾಕೆಟ್‌ನಿಂದ ಶುರು ಮಾಡಿ. ಮಾನಿಟರ್ ಆನ್ ಆಗ್ತಿದೆ ಅಂದ್ರಲ್ಲ, ಅದು ತುಂಬಾ ಉಪಯೋಗದ ಸುಳಿವು. ಸಾಮಾನ್ಯವಾಗಿ ಮಾನಿಟರ್‌ನ ಪವರ್ ಕೇಬಲ್ಲೂ ಸಿಪಿಯು ಪವರ್ ಕೇಬಲ್ಲೂ ಒಂದೇ ತರದ್ದು, ಮಾನಿಟರ್‌ಗೆ ಅಡಾಪ್ಟರ್ ಇದ್ರೆ ಮಾತ್ರ ಬೇರೆ. ಮಾನಿಟರ್ ಕೆಲಸ ಮಾಡ್ತಿರೋ ಅದೇ ಕೇಬಲ್ಲನ್ನ, ಅದೇ ಸಾಕೆಟ್‌ನಿಂದ ತೆಗೀದೆ, ಈ ಕಡೆ ತುದಿ ಮಾತ್ರ ತಂದು ಸಿಪಿಯು ಹಿಂದೆ ಸಿಕ್ಕಿಸಿ. ಈ ಒಂದು ಕೆಲಸದಲ್ಲಿ ಸಾಕೆಟ್ಟು, ಕೇಬಲ್ಲು ಎರಡರ ಮೇಲಿನ ಅನುಮಾನನೂ ಹೋಗತ್ತೆ. ಆಮೇಲೆ ಯುಪಿಎಸ್‌ನ ಬಿಟ್ಟು ನೇರ ಗೋಡೆ ಸಾಕೆಟ್‌ಗೆ ಹಾಕಿನೂ ನೋಡಿ. ಮನೆ ಅಂಗಡಿಗಳಲ್ಲಿರೋ 600 ವಿಎ ಯುಪಿಎಸ್ ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲತ್ತೆ, ಆಮೇಲೆ ಅದು ಮಾನಿಟರ್‌ನಂಥ ಸಣ್ಣ ಲೋಡ್ ಹೊತ್ಕೊಂಡು ಸಿಪಿಯು ಆನ್ ಮಾಡೋವಾಗ ಕುಸಿಯೋದು ನಾನು ಎಷ್ಟೋ ಸಲ ನೋಡಿದೀನಿ.

ಸಿಪಿಯು ಹಿಂದೆ ಕೇಬಲ್ ಸಿಕ್ಕಿಸೋ ಜಾಗದ ಪಕ್ಕ ಒಂದು ಸಣ್ಣ ಸ್ವಿಚ್ ಇರತ್ತೆ, ಒಂದು ಕಡೆ ಗೆರೆ, ಒಂದು ಕಡೆ ಸೊನ್ನೆ. ಗೆರೆ ಕಡೆ ಒತ್ತಿರಬೇಕು. ಗುಡಿಸೋವಾಗ ಒರೆಸೋವಾಗ ಕೈ ತಾಗಿ ಅದು ಸೊನ್ನೆ ಕಡೆ ಹೋಗಿರೋ ಮಷೀನನ್ನ ಬಸ್ಸಲ್ಲಿ ಹೊತ್ಕೊಂಡು ಬಂದೋರಿದಾರೆ. ರಿಪೇರಿಯವರು ಇದನ್ನ ನೋಡೇ ಇರ್ತಾರೆ ಅಂತ ಅಂದ್ಕೋಬೇಡಿ, ನೀವೇ ನೋಡಿ.

ಇಲ್ಲಿ ಟೆಸ್ಟರ್ ಬಗ್ಗೆ ಎಚ್ಚರಿಕೆ. ಟೆಸ್ಟರ್ ಇಟ್ಟೆ ಲೈಟ್ ಬಂತು, ಕರೆಂಟ್ ಇದೆ ಅಂತ ಎಲ್ರೂ ಹೇಳ್ತಾರೆ, ಆದ್ರೆ ಟೆಸ್ಟರ್ ತೋರಿಸೋದು ಫೇಸ್ ಇದೆ ಅಂತ ಮಾತ್ರ, ನ್ಯೂಟ್ರಲ್ ಇದೆಯಾ ಇಲ್ವಾ ಅಂತ ಹೇಳಲ್ಲ, ಎಷ್ಟು ವೋಲ್ಟ್ ಅಂತನೂ ಹೇಳಲ್ಲ. ಗಾಳಿ ಮಳೆಗೆ ಮರದ ಕೊಂಬೆ ಲೈನ್ ಮೇಲೆ ಬಿದ್ದು ನ್ಯೂಟ್ರಲ್ ಕಟ್ಟಾಯ್ತು ಅಂತಿಟ್ಕೊಳ್ಳಿ, ಟೆಸ್ಟರ್ ಉರಿಯತ್ತೆ ಆದ್ರೆ ಬಲ್ಬ್ ಉರಿಯಲ್ಲ. ಇನ್ನೂ ಕೆಟ್ಟದ್ದು ಏನಂದ್ರೆ ಟ್ರಾನ್ಸ್‌ಫಾರ್ಮರ್ ಕಡೆ ನ್ಯೂಟ್ರಲ್ ಸಡಿಲ ಆದ್ರೆ ಕೆಲವು ಮನೆಗೆ 230 ವೋಲ್ಟ್ ಬದಲು 300, 350, ಅದಕ್ಕೂ ಮೇಲೆ ಹೋಗಬಹುದು. ಸಿಡಿಲು ಹೊಡೀತು ಅಂತ ನಾವು ಅಂದ್ಕೊಳ್ಳೋ ಎಷ್ಟೋ ಕೇಸಲ್ಲಿ ಸಾಮಾನು ಸುಟ್ಟಿದ್ದು ಹೀಗೆ, ಕರೆಂಟ್ ವಾಪಸ್ ಬರೋ ಹೊತ್ತಿಗೆ. ನಿಮ್ಮ ಅಕ್ಕಪಕ್ಕದ ಮನೆಯೋರ್ದು ಅವತ್ತು ಟಿವಿ, ಫ್ರಿಜ್ಜು, ಸೆಟ್‌ಟಾಪ್ ಬಾಕ್ಸು ಏನಾದ್ರೂ ಹೋಯ್ತಾ ಅಂತ ಕೇಳಿ ನೋಡಿ. ಹೋಗಿದ್ರೆ ಪೆಟ್ಟು ಲೈನಿಂದ ಬಂದಿದೆ ಅಂತ ಹೆಚ್ಚುಕಡಿಮೆ ಹೇಳಬಹುದು, ಆಗ ಮೊದಲು ಸಾಯೋದು ಎಸ್‌ಎಂಪಿಎಸ್.

ಸಾಕೆಟ್ ಸರಿ ಇದ್ರೆ ಇನ್ನೊಂದು ಖರ್ಚಿಲ್ಲದ ಕೆಲಸ ಮಾಡಿ. ಕೇಬಲ್ ಪೂರ್ತಿ ತೆಗೆದು ಪವರ್ ಬಟನನ್ನ ಅರ್ಧ ನಿಮಿಷ ಒತ್ತಿ ಹಿಡ್ಕೊಳ್ಳಿ, ಆಮೇಲೆ ಹತ್ತು ನಿಮಿಷ ಹಾಗೇ ಬಿಟ್ಟು ಮತ್ತೆ ಸಿಕ್ಕಿಸಿ ಆನ್ ಮಾಡಿ. ವೋಲ್ಟೇಜ್ ಏರುಪೇರಾದಾಗ ಒಳ್ಳೇ ಎಸ್‌ಎಂಪಿಎಸ್‌ಗಳು ತಮ್ಮನ್ನ ಕಾಪಾಡ್ಕೊಳಕ್ಕೆ ಲಾಕ್ ಆಗ್ಬಿಡ್ತವೆ, ಒಳಗಿನ ಕೆಪಾಸಿಟರ್ ಪೂರ್ತಿ ಖಾಲಿ ಆಗೋ ತನಕ ಆ ಲಾಕ್ ಬಿಡಲ್ಲ. ಇದರಲ್ಲೇ ಎದ್ದು ಕೂತಿರೋ ಮಷೀನುಗಳು ಸಾಕಷ್ಟಿವೆ.

ಅದರಲ್ಲೂ ಏಳಲಿಲ್ಲ ಅಂದ್ರೆ ಈಗ ಒಳಗೆ ನೋಡೋಣ. ಕೇಬಲ್ ಸಿಕ್ಕಿಸಿ, ಬಟನ್ ಒತ್ತಬೇಡಿ, ಬೋರ್ಡ್ ಮೇಲೆ ಎಲ್ಲಾದ್ರೂ ಸಣ್ಣ ಲೈಟ್ ಉರೀತಿದೆಯಾ ನೋಡಿ, ಲೈಟ್ ಆರಿಸಿ ಕತ್ತಲಲ್ಲಿ ನೋಡಿದ್ರೆ ಚೆನ್ನಾಗಿ ಕಾಣತ್ತೆ. ಬಹಳ ಬೋರ್ಡ್‌ಗಳಲ್ಲಿ ಆಫ್ ಇದ್ರೂ ಕರೆಂಟ್ ಇದೆ ಅಂತ ತೋರಿಸೋ ಲೈಟ್ ಇರತ್ತೆ, ಎಲ್ಲದರಲ್ಲೂ ಇರಲ್ಲ. ಯಾಕೆ ಅಂದ್ರೆ ಕಂಪ್ಯೂಟರ್ ಆಫ್ ಇದ್ರೂ ಎಸ್‌ಎಂಪಿಎಸ್ ಪೂರ್ತಿ ಆಫ್ ಇರಲ್ಲ. 1995ರಲ್ಲಿ ಇಂಟೆಲ್‌ನವರು ಎಟಿಎಕ್ಸ್ ಅನ್ನೋ ಪದ್ಧತಿ ತಂದ್ರು, ಅದಕ್ಕೂ ಮುಂಚೆ ಮುಂದಿನ ಬಟನ್ನೇ 230 ವೋಲ್ಟನ್ನ ನೇರ ಕಟ್ ಮಾಡ್ತಿತ್ತು, ಮನೆ ಲೈಟ್ ಸ್ವಿಚ್ ತರ. ಎಟಿಎಕ್ಸ್ ಬಂದ ಮೇಲೆ ಎಸ್‌ಎಂಪಿಎಸ್ ಯಾವಾಗ್ಲೂ 5 ವೋಲ್ಟಿನ ಒಂದು ಸಣ್ಣ ಕರೆಂಟನ್ನ ಬೋರ್ಡ್‌ಗೆ ಕೊಡ್ತಾ ಇರತ್ತೆ, ಸ್ಟ್ಯಾಂಡ್‌ಬೈ ಅಂತ. ನೀವು ಬಟನ್ ಒತ್ತಿದ್ರೆ ಅದು ಬರೀ ಬೋರ್ಡ್‌ಗೆ ಒಂದು ಸನ್ನೆ, ಬೋರ್ಡ್ ಆಗ ಎಸ್‌ಎಂಪಿಎಸ್‌ಗೆ ಹೇಳತ್ತೆ, ಈಗ ಪೂರ್ತಿ ಕರೆಂಟ್ ಬಿಡು ಅಂತ. ಎಸ್‌ಎಂಪಿಎಸ್ ವೋಲ್ಟೇಜ್ ಎಲ್ಲ ಸರಿ ಕೂತ ಮೇಲೆ ಎಲ್ಲಾ ಸರಿ ಇದೆ ಅಂತ ಇನ್ನೊಂದು ವೈರಲ್ಲಿ ಬೋರ್ಡ್‌ಗೆ ಹೇಳತ್ತೆ, ಆಮೇಲೇ ಪ್ರೊಸೆಸರ್ ಶುರು ಆಗೋದು. ಈ ಮಾತುಕತೆ ಅರ್ಥ ಆದ್ರೆ ಅರ್ಧ ರಿಪೇರಿ ಬಂದಂಗೆ, ಯಾಕಂದ್ರೆ ನಾವು ಹುಡುಕ್ತಿರೋದು ಮಾತು ಎಲ್ಲಿ ನಿಂತಿದೆ ಅಂತ.

ಆ ಸ್ಟ್ಯಾಂಡ್‌ಬೈ ಲೈಟ್ ಉರೀತಿದ್ರೆ ನೀವು ಪುಣ್ಯವಂತರು, ಎಸ್‌ಎಂಪಿಎಸ್ ಅರ್ಧ ಆದ್ರೂ ಬದುಕಿದೆ, ಅನುಮಾನ ಬಟನ್ ಮೇಲೆ ಬರತ್ತೆ. ಬಟನ್ನಿನ ಎರಡು ಎಳೆ ವೈರ್ ಬೋರ್ಡಿನ ಕೆಳಗಿನ ಮೂಲೆಯ ಸಣ್ಣ ಪಿನ್ನುಗಳಿಗೆ ಬಂದಿರತ್ತೆ, ಪವರ್ ಸ್ವಿಚ್ ಅಂತ ಇಂಗ್ಲಿಷಲ್ಲಿ ಚಿಕ್ಕದಾಗಿ ಬರೆದಿರತ್ತೆ. ಪಕ್ಕದಲ್ಲೇ ರೀಸೆಟ್ ಬಟನ್ನಿನ ವೈರೂ ಇರತ್ತೆ. ರೀಸೆಟ್‌ದನ್ನ ಕಿತ್ತು ಪವರ್ ಜಾಗಕ್ಕೆ ಹಾಕಿ ರೀಸೆಟ್ ಬಟನ್ ಒತ್ತಿ ನೋಡಿ, ಹಿಂದುಮುಂದು ಆದ್ರೂ ತೊಂದ್ರೆ ಇಲ್ಲ, ಬಟನ್ನಿಗೆ ಪ್ಲಸ್ ಮೈನಸ್ ಇಲ್ಲ. ಆನ್ ಆದ್ರೆ ಮುಗೀತು, ಹೋಗಿದ್ದು ಬಟನ್ ಮಾತ್ರ, ರೀಸೆಟ್ಟನ್ನೇ ಪವರ್ ಬಟನ್ ಮಾಡ್ಕೊಂಡು ವರ್ಷಗಟ್ಟಲೆ ಓಡಿಸಬಹುದು. ಅಂಗಡಿಯಲ್ಲಿ ದಿನಕ್ಕೆ ಎಂಟು ಸಲ ಒತ್ತೋ ಬಟನ್ನು, ಒಳಗಿನ ಸ್ಪ್ರಿಂಗ್ ಸೋತು ಹೋಗಿರತ್ತೆ. ಒಂದು ಶಾಲೆಯ ಲ್ಯಾಬಲ್ಲಿ ಬೋರ್ಡ್ ಹೋಗಿದೆ ಅಂತ ಮೂಲೆಗೆ ಸೇರಿಸಿದ್ದ ನಾಲ್ಕು ಮಷೀನಲ್ಲಿ ಎರಡನ್ನ ನಾನು ಎಬ್ಬಿಸಿದ್ದು ಇದೊಂದರಿಂದ, ಒಂದು ರೂಪಾಯಿ ಸಾಮಾನು ಹಾಕಿಲ್ಲ.

ಲೈಟ್ ಇಲ್ಲ ಅಂದ್ರೆ ಎಸ್‌ಎಂಪಿಎಸ್ ಪರೀಕ್ಷೆ ಮಾಡ್ಬೇಕು. ಇದಕ್ಕೆ ಒಂದು ಮಲ್ಟಿಮೀಟರ್ ಬೇಕು, ಸಾಧಾರಣದ್ದು ಸಾಕು, ಊರಿನ ಎಲೆಕ್ಟ್ರಿಷಿಯನ್ ಹತ್ರ ಇರತ್ತೆ. ಬೋರ್ಡ್‌ಗೆ ಸಿಕ್ಕಿಸಿರೋ ಅಗಲದ 24 ಪಿನ್ನಿನ ಕನೆಕ್ಟರ್ ಇದೆಯಲ್ಲ, ಪವರ್ ಕೇಬಲ್ ತೆಗೆದ ಮೇಲೆ ಅದರ ಕ್ಲಿಪ್ ಒತ್ತಿ ಹೊರಗೆ ಎಳೀರಿ. ಅದರಲ್ಲಿ ನೇರಳೆ ಬಣ್ಣದ ವೈರ್ ಒಂದೇ ಒಂದು ಇರತ್ತೆ, ಅದೇ ಸ್ಟ್ಯಾಂಡ್‌ಬೈ. ಹಸಿರು ಒಂದೇ ಒಂದು, ಅದು ಆನ್ ಆಗು ಅನ್ನೋ ಸನ್ನೆಯ ವೈರ್. ಬೂದು ಬಣ್ಣದ್ದು ಎಲ್ಲಾ ಸರಿ ಇದೆ ಅನ್ನೋ ವೈರ್. ಕಪ್ಪು ತುಂಬಾ ಇರತ್ತೆ, ಎಲ್ಲಾ ಗ್ರೌಂಡು. ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3. ಈಗ ಕೇಬಲ್ ಸಿಕ್ಕಿಸಿ ಹಿಂದಿನ ಸ್ವಿಚ್ ಹಾಕಿ, ಮೀಟರನ್ನ ಡಿಸಿ 20 ವೋಲ್ಟಿಗೆ ಇಟ್ಟು ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿ ನೇರಳೆಗೆ. 4.75ರಿಂದ 5.25ರ ಒಳಗೆ ಬರ್ಬೇಕು. ಏನೂ ಬರಲಿಲ್ಲ, ಅಥವಾ ಬಂದು ಬಂದು ಹೋಗ್ತಿದೆ, ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬರ್ತಿದೆ ಅಂದ್ರೆ ಎಸ್‌ಎಂಪಿಎಸ್ ಹೋಗಿದೆ. ಬೋರ್ಡನ್ನ ದೂರೋ ಅಗತ್ಯನೇ ಇಲ್ಲ, ಅದು ಚೆನ್ನಾಗೇ ಇರಬಹುದು.

ನೇರಳೆ ಸರಿ ಇದ್ರೆ ಮತ್ತೆ ಕೇಬಲ್ ತೆಗೆದು, ಒಂದು ಯು-ಪಿನ್ ಬಗ್ಗಿಸಿ ಹಸಿರಿಗೂ ಪಕ್ಕದ ಕಪ್ಪಿಗೂ ಸೇರಿಸಿ ಸಿಕ್ಕಿಸಿ, ಲೋಡ್ ಅಂತ ಕ್ಯಾಬಿನೆಟ್ಟಿನ ಒಂದು ಫ್ಯಾನೋ ಹಳೇ ಡಿವಿಡಿ ಡ್ರೈವೋ ಇರ್ಲಿ, ನಿಮ್ಮ ಡಿಸ್ಕ್ ಖಂಡಿತ ಬೇಡ. ಪಿನ್ ಹಾಕೋವಾಗ ತೆಗೆಯೋವಾಗ ಕೇಬಲ್ ಹೊರಗಿರಬೇಕು, ಅದನ್ನ ಮರೀಬೇಡಿ. ಆಮೇಲೆ ಕೇಬಲ್ ಕೊಟ್ರೆ ಎಸ್‌ಎಂಪಿಎಸ್ ಫ್ಯಾನ್ ತಿರುಗಬೇಕು. ಇಲ್ಲಿ ಬಹಳ ಜನ ಫ್ಯಾನ್ ತಿರುಗ್ತು, ಎಸ್‌ಎಂಪಿಎಸ್ ಚೆನ್ನಾಗಿದೆ, ಹಂಗಾದ್ರೆ ಬೋರ್ಡ್ ಹೋಗಿದೆ ಅಂತ ಮುಗಿಸ್ಬಿಡ್ತಾರೆ. ಅದು ಅವಸರ. ಫ್ಯಾನ್ ತಿರುಗಿದ್ರೆ 12 ವೋಲ್ಟ್ ಹೆಚ್ಚುಕಡಿಮೆ ಇದೆ ಅಂತ ಅಷ್ಟೇ ಅರ್ಥ. ಹಳದಿ 11.4ರಿಂದ 12.6ರ ಒಳಗಿದೆಯಾ, ಕೆಂಪು 5ರ ಹತ್ರ, ಕಿತ್ತಳೆ 3.3ರ ಹತ್ರ ಇದೆಯಾ, ಮುಖ್ಯವಾಗಿ ಬೂದು ವೈರಲ್ಲಿ 5ರ ಹತ್ರ ಬಂತಾ ಅಂತ ನೋಡಿ. ಬೂದು ಬರಲಿಲ್ಲ ಅಂದ್ರೆ ಫ್ಯಾನ್ ಎಷ್ಟೇ ತಿರುಗಿದ್ರೂ ಬೋರ್ಡ್ ಪ್ರೊಸೆಸರನ್ನ ಶುರು ಮಾಡಲ್ಲ. ಇವೆಲ್ಲ ಸರಿ ಬಂದ್ರೂ ಲೋಡ್ ಬಿದ್ದಾಗ ಕುಸಿಯೋ ಎಸ್‌ಎಂಪಿಎಸ್ ಇದ್ದೇ ಇರ್ತವೆ, ಹಾಗಾಗಿ ಕೊನೇ ಮಾತು ಅಂದ್ರೆ ಕೆಲಸ ಮಾಡ್ತಿರೋ ಇನ್ನೊಂದು ಕಂಪ್ಯೂಟರಿನ ಎಸ್‌ಎಂಪಿಎಸ್ ತಂದು ಸಿಕ್ಕಿಸಿ ನೋಡೋದೇ.

ಒಂದು ವಿಷ್ಯ. ನಿಮ್ದು ಕಂಪನಿ ಸೆಟ್ಟಾಗಿದ್ರೆ, ಡೆಲ್, ಎಚ್‌ಪಿ, ಲೆನೊವೊ ತರದ್ದು, ಕೆಲವು ಮಾಡೆಲ್ಲಲ್ಲಿ 24 ಪಿನ್ ಇರೋದೇ ಇಲ್ಲ, ಕಡಿಮೆ ಪಿನ್ನಿನ ಅವರದೇ ಕನೆಕ್ಟರ್ ಇರತ್ತೆ, ಮೇಲೆ ಹೇಳಿದ ಬಣ್ಣದ ಲೆಕ್ಕ ಅಲ್ಲಿ ನಡೆಯಲ್ಲ. ಹಾಗೇ ಎಲ್ಲಾ ವೈರೂ ಕಪ್ಪು ಬಣ್ಣದ್ದೇ ಇದ್ರೆ ಊಹೆ ಮೇಲೆ ಯು-ಪಿನ್ ಹಾಕ್ಬೇಡಿ, ತಿಳಿದೋರ ಹತ್ರ ಮಾಡ್ಸಿ.

ಮತ್ತೆ ದಯವಿಟ್ಟು ಎಸ್‌ಎಂಪಿಎಸ್ ಡಬ್ಬ ಬಿಚ್ಚಬೇಡಿ. ಇದನ್ನ ನಾನು ಭಯ ಪಡಿಸಕ್ಕೆ ಹೇಳ್ತಿಲ್ಲ. 230 ವೋಲ್ಟ್ ಎಸಿ ಒಳಗೆ ಹೋಗಿ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗತ್ತೆ, ಅದು ಒಂದು ದಪ್ಪ ಕೆಪಾಸಿಟರಲ್ಲಿ ತುಂಬಿರತ್ತೆ, ಪ್ಲಗ್ ತೆಗೆದ ಮೇಲೂ ಎಷ್ಟೋ ಹೊತ್ತು ಉಳಿದಿರಬಹುದು, ಕೆಟ್ಟ ಎಸ್‌ಎಂಪಿಎಸ್ಸಲ್ಲಿ ಇನ್ನೂ ಜಾಸ್ತಿ ಹೊತ್ತು, ಯಾಕಂದ್ರೆ ಅದನ್ನ ಖಾಲಿ ಮಾಡೋ ದಾರಿನೇ ಸುಟ್ಟಿರತ್ತೆ. ಫ್ಯೂಸ್ ಒಂದು ಹೋಗಿದೆ, ಬದಲಾಯಿಸಿದ್ರೆ ಸಾಕು ಅಂತ ಯಾರಾದ್ರೂ ಹೇಳಿದ್ರೂ ಒಪ್ಕೋಬೇಡಿ. ಫ್ಯೂಸ್ ಸುಮ್ನೆ ಹೋಗಿರಲ್ಲ, ಅದರ ಹಿಂದೆ ಯಾವುದೋ ಶಾರ್ಟ್ ಆಗಿರತ್ತೆ, ಹೊಸ ಫ್ಯೂಸ್ ಹಾಕಿ ಕರೆಂಟ್ ಕೊಟ್ರೆ ಪಟಾಕಿ ತರ ಸಿಡಿಯತ್ತೆ. ಸಿಡಿಲಿಗೆ ಸಿಕ್ಕಿದ ಎಸ್‌ಎಂಪಿಎಸ್ ರಿಪೇರಿ ಮಾಡಿ ಹಾಕ್ಕೊಳ್ಳೋದು ನನಗೆ ಸುತಾರಾಂ ಇಷ್ಟ ಇಲ್ಲ, ಉಳಿದ ಸಾಮಾನೆಲ್ಲ ಅದರ ಮೇಲೆ ನಿಂತಿರತ್ತೆ.

ಈಗ ನಿಮ್ಮ ಕೇಸಿನ ನಿಜವಾದ ಗಂಟಿಗೆ ಬರೋಣ. ಎಸ್‌ಎಂಪಿಎಸ್ ಹೊರಗಿದ್ದಾಗ ನೇರಳೆಯಲ್ಲಿ 5 ವೋಲ್ಟ್ ಬರ್ತಿದೆ, ಬೋರ್ಡ್‌ಗೆ ಸಿಕ್ಕಿಸಿದ ಕೂಡ್ಲೇ ಸೊನ್ನೆ ಆಗ್ತಿದೆ, ಅಥವಾ ಬಟನ್ ಒತ್ತಿದ್ರೆ ಒಂದು ಕ್ಷಣ ಎದ್ದು ಬಿದ್ದು ಹೋಗ್ತಿದೆ ಅಂದ್ರೆ ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ಅದಕ್ಕೆ ಹೆದರಿ ಬಾಗಿಲು ಹಾಕ್ಕೊಳ್ತಿದೆ. ಶಾರ್ಟ್ ಬೋರ್ಡಲ್ಲೇ ಇರ್ಬೇಕು ಅಂತ ಇಲ್ಲ. ಹಾರ್ಡ್ ಡಿಸ್ಕಿನ ಅಡಿಯಲ್ಲಿರೋ ಸಣ್ಣ ಹಸಿರು ಬೋರ್ಡಲ್ಲಿ ಕಾವಲಿಗೆ ಅಂತ ಒಂದೆರಡು ಡಯೋಡ್ ಇಟ್ಟಿರ್ತಾರೆ, ವೋಲ್ಟೇಜ್ ಮಿತಿ ಮೀರಿದ್ರೆ ಅವು ಶಾರ್ಟ್ ಆಗಿ ತಾವು ಸತ್ತು ಡಿಸ್ಕನ್ನ ಉಳಿಸ್ತವೆ. ಹಂಗಾದಾಗ ಆ ಒಂದು ಡಯೋಡಿಂದಾಗಿ ಇಡೀ ಕಂಪ್ಯೂಟರ್ ಆನ್ ಆಗಲ್ಲ! ನೋಡೋರಿಗೆ ಬೋರ್ಡ್ ಸತ್ತಂಗೇ ಕಾಣತ್ತೆ. ಡಿಸ್ಕ್ ವೈರ್ ಕಿತ್ತ ತಕ್ಷಣ ಫ್ಯಾನ್ ತಿರುಗಿದ್ರೆ ಇದೇ ಕಾರಣ ಇರಬಹುದು, ಆಗ ಯಾರೂ ಆ ಡಿಸ್ಕನ್ನ ಬಲವಂತ ಮಾಡೋದು ಬೇಡ, ಡೇಟಾ ರಿಕವರಿ ಮಾಡೋರ ಹತ್ರ ತಗೊಂಡು ಹೋದ್ರೆ ಒಳಗಿನ ಫೈಲು ಸಾಮಾನ್ಯವಾಗಿ ಹಾಗೇ ಇರ್ತವೆ. ಮೊದಲೇ ಡಿಸ್ಕ್ ಕಿತ್ತಿಡಿ ಅಂದಿದ್ದಕ್ಕೆ ಇದು ಎರಡನೇ ಕಾರಣ.

ಡಿಸ್ಕ್ ಅಲ್ಲ ಅಂದ್ರೆ ಉಳಿದಿದ್ದನ್ನೂ ಒಂದೊಂದೇ ಕಳಚಿ. ಪ್ರಿಂಟರ್, ಸ್ಕ್ಯಾನರ್, ಮೌಸು, ಕೀಬೋರ್ಡು, ಹಿಂದಿನ ಲ್ಯಾನ್ ವೈರು, ಎಲ್ಲಾ. ಒಳಗೆ ಮುಂದಿನ ಯುಎಸ್‌ಬಿ ಪೋರ್ಟಿಂದ ಬಂದ ವೈರನ್ನೂ ಬೋರ್ಡಿಂದ ಕೀಳಿ. ಅಂಗಡಿಗೆ ಬಂದೋರು ಎಲ್ರೂ ಪೆನ್‌ಡ್ರೈವ್ ಅದಕ್ಕೇ ತುರುಕೋದಲ್ವಾ, ಒಳಗಿನ ಲೋಹದ ಎಳೆ ಬಗ್ಗಿ ಒಂದಕ್ಕೊಂದು ತಾಗಿದ್ರೆ ಮಷೀನ್ ಆನ್ ಆಗೋದೇ ಇಲ್ಲ, ಡಿಟಿಪಿ ಅಂಗಡಿಗಳಲ್ಲಿ ನಾನು ಅತಿ ಹೆಚ್ಚು ನೋಡಿರೋ ತೊಂದ್ರೆಗಳಲ್ಲಿ ಇದೊಂದು. ಗ್ರಾಫಿಕ್ಸ್ ಕಾರ್ಡ್ ಇದ್ರೆ ಅದೂ ಹೊರಗೆ. ಕೊನೆಗೆ ಬೋರ್ಡು, ಪ್ರೊಸೆಸರು, ಅದರ ಫ್ಯಾನು, ಎಸ್‌ಎಂಪಿಎಸ್ಸು ಇಷ್ಟೇ ಉಳಿಬೇಕು. ಹಂಗೇ ಟಾರ್ಚ್ ಹಾಕಿ ಬೋರ್ಡ್ ಮೇಲೆಲ್ಲ ನೋಡಿ, ಹಲ್ಲಿ ಸತ್ತು ಒಣಗಿದೆಯಾ, ಇರುವೆ ಗೂಡು ಕಟ್ಟಿದೆಯಾ, ಬಿದ್ದ ಸ್ಕ್ರೂ ಎಲ್ಲಾದ್ರೂ ಸಿಕ್ಕಿದೆಯಾ. ಮಳೆಗಾಲದಲ್ಲಿ ಬೆಚ್ಚಗಿರತ್ತೆ ಅಂತ ಇವೆಲ್ಲ ಸಿಪಿಯು ಒಳಗೇ ಬರೋದು. ಸಿಕ್ಕಿದ್ರೆ ಒಣಗಿದ ಪೇಂಟ್ ಬ್ರಷ್ಷಲ್ಲಿ ಗುಡಿಸಿ, ಒದ್ದೆ ಬಟ್ಟೆ ಬೇಡ.

ಈಗ ಮೋಡೆಮ್. ನೀವು ಅದನ್ನ ಕೊನೇಲಿ ಸುಮ್ನೆ ಒಂದು ಮಾತು ಅಂತ ಬರೆದಿದೀರಿ, ನನಗೆ ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಅದೇ. ಕೇಬಲ್‌ನವರ ಇಂಟರ್ನೆಟ್ ಅಂದ್ರೆ ಬಹಳ ಊರಲ್ಲಿ ಕಂಬದಿಂದ ಕಂಬಕ್ಕೆ ತಾಮ್ರದ ವೈರೇ ಎಳೆದಿರ್ತಾರೆ, ಸಿಡಿಲು ಹತ್ರದಲ್ಲಿ ಎಲ್ಲೋ ಹೊಡೆದ್ರೂ ಆ ಉದ್ದದ ವೈರಲ್ಲಿ ವೋಲ್ಟೇಜ್ ಹುಟ್ಟಿ ಮೋಡೆಮ್ಮಿಗೆ ಬರತ್ತೆ, ಮೋಡೆಮ್ಮಿಂದ ಲ್ಯಾನ್ ವೈರಲ್ಲಿ ಸೀದಾ ನಿಮ್ಮ ಮದರ್‌ಬೋರ್ಡಿನ ಲ್ಯಾನ್ ಪೋರ್ಟಿಗೆ. ಯುಪಿಎಸ್ ಇತ್ತು, ಮೇನ್ ಸ್ವಿಚ್ ಆಫ್ ಇತ್ತು, ಆದ್ರೂ ಹೆಂಗೆ ಹೋಯ್ತು ಅಂತ ಜನ ಕೇಳ್ತಾರೆ, ಹೀಗೇ ಹೋಗೋದು, ಹಿಂಬಾಗಿಲಿಂದ. ಹಾಗಾಗಿ ಕೇಬಲ್‌ನವರನ್ನ ಕೇಳಿ, ಅವತ್ತು ಹೋಗಿದ್ದು ಮೋಡೆಮ್ಮಾ ಅಥವಾ ಅದರ ಅಡಾಪ್ಟರ್ ಮಾತ್ರನಾ ಅಂತ. ಅಡಾಪ್ಟರ್ ಮಾತ್ರ ಹೋಗಿದ್ರೆ ಪೆಟ್ಟು ಕರೆಂಟ್ ಲೈನಿಂದ ಬಂದಿರೋದೇ ಹೆಚ್ಚು, ಎಸ್‌ಎಂಪಿಎಸ್ ಬದಲಾಯಿಸಿದ್ರೆ ಮಷೀನ್ ಏಳೋ ಸಾಧ್ಯತೆ ಚೆನ್ನಾಗಿದೆ. ಅಡಾಪ್ಟರ್ ಸರಿ ಇದ್ದು ಮೋಡೆಮ್ಮೇ ಸುಟ್ಟಿದ್ರೆ ಪೆಟ್ಟು ಇಂಟರ್ನೆಟ್ ವೈರಿಂದ ಬಂದಿರೋ ಅನುಮಾನ ಜಾಸ್ತಿ, ಆಗ ರಿಪೇರಿಯವರು ಹೇಳಿದ್ದೇ ನಿಜ ಇರಬಹುದು. ಲ್ಯಾನ್ ಪೋರ್ಟ್ ಹತ್ರ ಮೂಗಿಟ್ಟು ನೋಡಿ, ಸುಟ್ಟ ವಾಸನೆ ತಿಂಗಳಾದ್ರೂ ಹೋಗಲ್ಲ. ಪೋರ್ಟಿನ ಹಿಂದಿರೋ ಸಣ್ಣ ಚಿಪ್ ಮೇಲೆ ಗುಳ್ಳೆ ಎದ್ದಿದೆಯಾ, ಕಪ್ಪು ಕಲೆ ಇದೆಯಾ ನೋಡಿ. ಪ್ರೊಸೆಸರ್ ಸುತ್ತ ನಿಂತಿರೋ ಸಿಲಿಂಡರ್ ತರದ ಕೆಪಾಸಿಟರ್‌ಗಳ ತಲೆ ಉಬ್ಬಿದ್ರೆ, ಕಂದು ಅಂಟು ಸೋರಿದ್ರೆ, ಅದು ಸಿಡಿಲಿಂದಲ್ಲ ವಯಸ್ಸಿಂದ ಆಗಿದ್ದು, ಅದನ್ನ ಬದಲಾಯಿಸಿ ಬೋರ್ಡ್ ಉಳಿಸೋರು ಇದಾರೆ.

ಒಟ್ಟಲ್ಲಿ ಒಳ್ಳೇ ಎಸ್‌ಎಂಪಿಎಸ್ ಸಿಕ್ಕಿಸಿ, ಬೇರೆಲ್ಲ ಕಳಚಿ, ಪವರ್ ಪಿನ್ ಎರಡನ್ನ ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದ್ರೂ ಫ್ಯಾನ್ ಅಲುಗಾಡಲ್ಲ ಅಂದ್ರೆ ಆಗ ಬೋರ್ಡ್ ಹೋಗಿದೆ ಅಂತ ನಾನೂ ಹೇಳ್ತೀನಿ. ಆದ್ರೆ ಆಗಲೂ ಪೂರ್ತಿ ಸೆಟ್ ಬೇಕಾಗಿಲ್ಲ. ಪ್ರೊಸೆಸರು, ರ‍್ಯಾಮು, ಡಿಸ್ಕು, ಕ್ಯಾಬಿನೆಟ್ಟು ಬಹಳ ಸಲ ಚೆನ್ನಾಗೇ ಇರ್ತವೆ, ಅದೇ ಪ್ರೊಸೆಸರಿಗೆ ಹೊಂದೋ ಹಳೇ ಬೋರ್ಡ್ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹುಡುಕಿದ್ರೆ ಸಿಗತ್ತೆ, ಪ್ರೊಸೆಸರ್ ಹೆಸರು ಮತ್ತೆ ಬೋರ್ಡ್ ಮೇಲೆ ಬರೆದಿರೋ ಮಾಡೆಲ್ ನಂಬರಿನ ಫೋಟೊ ತಗೊಂಡು ಹೋಗಿ, ಅಲ್ಲೇ ಹಾಕಿ ತೋರಿಸಿ ಅಂತ ಕೇಳಿ.

ಎಸ್‌ಎಂಪಿಎಸ್ಸೇ ಹೋಗಿದೆ ಅಂತಾದ್ರೆ ಹೊಸದು ತಗೊಳ್ಳೋವಾಗ ಅತಿ ಅಗ್ಗದ್ದಕ್ಕೆ ಹೋಗ್ಬೇಡಿ. ಕೈಯಲ್ಲಿ ಹಿಡಿದ್ರೆ ಹಗುರಾಗಿ, ಮೇಲೆ ಮಾತ್ರ 450 ವ್ಯಾಟ್ ಅಂತ ಬರೆದಿರೋ ಡಬ್ಬಗಳು ಬರ್ತವೆ, ಒಳಗೆ ಕಾವಲಿನ ಸಾಮಾನೇ ಹಾಕಿರಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಡಿಟಿಪಿ ಮಷೀನಿಗೆ ನಿಜವಾಗಿ ಬೇಕಾಗೋದು 150 ವ್ಯಾಟಿನ ಒಳಗೇ, ಅದಕ್ಕೇ ವ್ಯಾಟ್ ನಂಬರ್ ದೊಡ್ಡದು ನೋಡೋ ಬದಲು 80 ಪ್ಲಸ್ ಗುರುತಿರೋ, ಹೆಸರಿರೋ ಕಂಪನಿಯ, ವಾರಂಟಿ ಬಿಲ್ ಕೊಡೋ 400 ವ್ಯಾಟಿಂದು ಸಾಕು. ಹಳೇದನ್ನ ಬಿಚ್ಕೊಂಡು ಹೋಗಿ ಅಳತೆ ಮತ್ತು ಕನೆಕ್ಟರ್ ಹೊಂದಿಸಿ ತನ್ನಿ. 24 ಪಿನ್ನಿಂದಲ್ಲದೆ ಪ್ರೊಸೆಸರ್ ಪಕ್ಕ 4 ಅಥವಾ 8 ಪಿನ್ನಿಂದು ಇನ್ನೊಂದು ಇರತ್ತೆ, ಅದನ್ನ ಹಾಕೋದು ಮರೆತ್ರೆ ಫ್ಯಾನ್ ತಿರುಗತ್ತೆ ಡಿಸ್ಪ್ಲೇ ಬರಲ್ಲ, ಆಮೇಲೆ ಮತ್ತೆ ಬೋರ್ಡ್ ಹೋಗಿದೆ ಅಂತಾರೆ.

ಅರ್ಥಿಂಗ್ ಬಗ್ಗೆ ಹೇಳದೇ ಇದ್ರೆ ನನಗೆ ಸಮಾಧಾನ ಇಲ್ಲ. ಸಿಪಿಯು ಮುಟ್ಟಿದಾಗ ಕೈ ಜುಮ್ ಅಂತಿತ್ತಾ? ಚಪ್ಪಲಿ ಇಲ್ದೆ ಮುಟ್ಟಿದ್ರೆ ಜುಮ್ ಅನ್ನತ್ತೆ ಅಂದ್ರೆ ನಿಮ್ಮ ಸಾಕೆಟ್ಟಿನ ಮೂರನೇ ತೂತಲ್ಲಿ ಅರ್ಥ್ ಇಲ್ಲ ಅಂತಲೇ ಲೆಕ್ಕ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗಲಾಟೆ, ಅಂದ್ರೆ ನಾಯ್ಸ್, ಸೋಸಕ್ಕೆ ಅಂತ ಫೇಸಿಗೂ ಬಾಡಿಗೂ, ನ್ಯೂಟ್ರಲ್ಲಿಗೂ ಬಾಡಿಗೂ ಸಣ್ಣ ಕೆಪಾಸಿಟರ್ ಇರ್ತವೆ, ಅರ್ಥ್ ಇಲ್ಲದಿದ್ರೆ ಕ್ಯಾಬಿನೆಟ್ ಮೇಲೆ ಸುಮಾರು ಅರ್ಧ ವೋಲ್ಟೇಜ್, 115ರ ಹತ್ರ, ನಿಂತ್ಬಿಡತ್ತೆ. ಕರೆಂಟ್ ತುಂಬಾ ಕಡಿಮೆ, ಅದಕ್ಕೇ ಬರೀ ಜುಮ್ ಅನ್ನತ್ತೆ, ಆದ್ರೆ ಸರ್ಜ್, ಅಂದ್ರೆ ವೋಲ್ಟೇಜ್ ದಿಢೀರ್ ಅಂತ ಏರಿ, ಬಂದಾಗ ಹೋಗಕ್ಕೆ ದಾರಿ ಇಲ್ಲದೆ ಅದು ಬೋರ್ಡಲ್ಲೇ ದಾರಿ ಹುಡ್ಕತ್ತೆ. ಇದ್ದಿಲು ಉಪ್ಪು ಹಾಕಿ ಮಾಡಿದ ಅರ್ಥ್ ಗುಂಡಿ ಇದ್ರೆ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕ್ತಿರಿ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನಿಂದ ಒಂದ್ಸಲ ಅಳತೆ ಮಾಡ್ಸಿ, ನೀವೇ ಬಲ್ಬ್ ಹಾಕಿ ಪರೀಕ್ಷೆ ಮಾಡೋದು ಬೇಡ. ಇಷ್ಟೆಲ್ಲ ಇದ್ರೂ ಗುಡುಗು ಶುರು ಆದ ತಕ್ಷಣ ಸ್ವಿಚ್ ಆಫ್ ಮಾಡೋದಲ್ಲ, ಪ್ಲಗ್ಗನ್ನೇ ಕೀಳಿ, ಲ್ಯಾನ್ ವೈರನ್ನೂ ಕೀಳಿ. ಗುಡುಗು ತೀರಾ ಹತ್ರ ಬಂದಿದ್ರೆ ಮಾತ್ರ ವೈರಿಗೆ ಕೈ ಹಾಕ್ಬೇಡಿ, ಮಷೀನ್ ಹೋದ್ರೆ ಹೋಗ್ಲಿ, ನೀವು ದೂರ ಇರಿ.

ನಿಮ್ಮ ರಿಪೇರಿಯವರ ಹತ್ರ ಜಗಳ ಬೇಡ. ಒಳ್ಳೇ ಎಸ್‌ಎಂಪಿಎಸ್ ಒಂದು ತಂದು ನನ್ನ ಎದುರಿಗೆ ಸಿಕ್ಕಿಸಿ ತೋರಿಸಿ ಅಂತ ಕೇಳಿ, ಹತ್ತು ನಿಮಿಷದ ಕೆಲಸ, ಮಾಡ್ತಾರೆ. ಆಮೇಲೆ ನನಗೆ ಮೂರು ವಿಷ್ಯ ಬರೀರಿ: ಬೋರ್ಡಿಂದ ಕಿತ್ತಾಗ ನೇರಳೆ ವೈರಲ್ಲಿ ಎಷ್ಟು ವೋಲ್ಟ್ ಬಂತು, ಸಿಕ್ಕಿಸಿದಾಗ ಎಷ್ಟು ಉಳೀತು, ಕೇಬಲ್‌ನವರು ಬದಲಾಯಿಸಿದ್ದು ಮೋಡೆಮ್ಮಾ ಅಡಾಪ್ಟರ್ರಾ. ಅಷ್ಟು ಗೊತ್ತಾದ್ರೆ ಯಾವುದಕ್ಕೆ ದುಡ್ಡು ಹಾಕ್ಬೇಕು ಅಂತ ಖಚಿತವಾಗಿ ಹೇಳ್ತೀನಿ, ಅಲ್ಲೀ ತನಕ ಹೊಸ ಸೆಟ್ಟಿಗೆ ಅಡ್ವಾನ್ಸ್ ಕೊಡ್ಬೇಡಿ.